ನೆಲನೆಲ್ಲಿಯ ಸಾರವನ್ನು ಪರೀಕ್ಷೆಗೆ ಒಡ್ಡುವ ಬಗೆ

ಕಾಮಾಲೆ ಎಂದ ಕೂಡಲೇ ನಮ್ಮ ಕಡೆ ಮೊದಲು ಬಾಯಿಗೆ ಬರುವುದು ನೆಲನೆಲ್ಲಿ. ಬೇರು ಸಮೇತ ಕಿತ್ತು, ತೊಳೆದು, ಅರೆದು, ಹಾಲಿಗೋ ಮಜ್ಜಿಗೆಗೋ ಕದಡಿ ಬೆಳಿಗ್ಗೆ ಬರಿಹೊಟ್ಟೆಗೆ ಕೊಡುತ್ತಾರೆ. ಈ ಗಿಡದ ಮೇಲೆ ನಡೆದ ಸಂಶೋಧನೆಯೂ ಕಡಿಮೆಯೇನಲ್ಲ. ಆದರೂ ಯಕೃತ್ತಿನ ಯಾವ ಕಾಯಿಲೆಗೆ, ಎಷ್ಟು ಪ್ರಮಾಣದಲ್ಲಿ, ಎಷ್ಟು ದಿನ ಕೊಟ್ಟರೆ ಇದು ಕೆಲಸ ಮಾಡುತ್ತದೆ ಎಂದು ಕೇಳಿದರೆ ಗಟ್ಟಿಯಾದ ಉತ್ತರ ಸಿಗುವುದಿಲ್ಲ. ಇದಕ್ಕೆ ದೊಡ್ಡ ಕಾರಣ ಪರೀಕ್ಷೆ ನಡೆದ ರೀತಿಯಲ್ಲಿದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಯಂತ್ರದ ಮುಂದೆ ಕೂರುವ ಮೊದಲೇ ಅರ್ಧ ಫಲಿತಾಂಶ ತೀರ್ಮಾನವಾಗಿರುತ್ತದೆ. ಅದು ಎಲ್ಲೆಲ್ಲಿ ತೀರ್ಮಾನವಾಗುತ್ತದೆ ಎನ್ನುವುದನ್ನೇ ಈ ದಿನ ನಿಮ್ಮ ಮುಂದೆ ಬಿಡಿಸಿ ಇಡುತ್ತೇನೆ.

ಮೊದಲು ಈ ಗಿಡದ ಪರೀಕ್ಷೆಯ ಚರಿತ್ರೆ ಸ್ವಲ್ಪ ನೋಡೋಣ. 1987ರಲ್ಲಿ ಅಮೆರಿಕದ ಫಾಕ್ಸ್ ಚೇಸ್ ಕ್ಯಾನ್ಸರ್ ಕೇಂದ್ರದಿಂದ ವೆಂಕಟೇಶ್ವರನ್, ಮಿಲ್ಮನ್ ಮತ್ತು ಬ್ಲೂಂಬರ್ಗ್ ಒಂದು ಪ್ರಬಂಧ ಪ್ರಕಟಿಸಿದರು. ಬ್ಲೂಂಬರ್ಗ್ ಅಂದರೆ ಯಕೃತ್ತಿಗೆ ತಗಲುವ ಹೆಪಟೈಟಿಸ್ ಬಿ ವೈರಸ್ಸಿನ ಮೇಲ್ಮೈ ಪ್ರೋಟೀನನ್ನು ಪತ್ತೆ ಮಾಡಿ 1976ರಲ್ಲಿ ನೊಬೆಲ್ ಪಡೆದವರು. ನೆಲನೆಲ್ಲಿಯ ಸಾರ ಆ ವೈರಸ್ಸಿನ ಡಿಎನ್‌ಎ ಪಾಲಿಮರೇಸ್ ಎಂಬ ಕಿಣ್ವವನ್ನು ಪ್ರನಾಳದಲ್ಲಿ ತಡೆಯುತ್ತದೆ, ಅದೇ ಬಗೆಯ ವೈರಸ್ ತಗಲುವ ವುಡ್‌ಚಕ್ ಎಂಬ ಪ್ರಾಣಿಗಳಲ್ಲೂ ಪರಿಣಾಮ ಕಾಣುತ್ತದೆ ಎಂದು ಅವರು ತೋರಿಸಿದರು. ಮರುವರ್ಷ, 1988ರಲ್ಲಿ, ಮದರಾಸಿನ ತ್ಯಾಗರಾಜನ್ ಮತ್ತು ಸಂಗಡಿಗರು ಮನುಷ್ಯರ ಮೇಲಿನ ಪರೀಕ್ಷೆಯನ್ನು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ವೈರಸ್ಸನ್ನು ಮೈಯಲ್ಲಿ ಇಟ್ಟುಕೊಂಡಿದ್ದವರಿಗೆ ಒಣಗಿಸಿದ ಗಿಡದ ಪುಡಿ, ಒಮ್ಮೆಗೆ 200 ಮಿಲಿಗ್ರಾಂ, ದಿನಕ್ಕೆ ಮೂರು ಬಾರಿ, 30 ದಿನ. ಕೊನೆಗೆ ನೋಡಿದಾಗ ಔಷಧ ತೆಗೆದುಕೊಂಡ 37 ಜನರಲ್ಲಿ 22 ಜನರ ರಕ್ತದಲ್ಲಿ ವೈರಸ್ಸಿನ ಮೇಲ್ಮೈ ಪ್ರೋಟೀನ್ ಕಾಣಲಿಲ್ಲ. ಹುಸಿ ಮಾತ್ರೆ ತೆಗೆದುಕೊಂಡ 23 ಜನರಲ್ಲಿ ಹಾಗಾದದ್ದು ಒಬ್ಬರಿಗೆ ಮಾತ್ರ. ಶೇ. 59 ಎಲ್ಲಿ, ಶೇ. 4 ಎಲ್ಲಿ!

ಜಗತ್ತಿನ ಹಲವು ಕಡೆ ಇದನ್ನು ಮತ್ತೆ ಮಾಡಿ ನೋಡಿದರು. ಥಾಯ್ಲೆಂಡ್‌ನಲ್ಲಿ ಅಂಥ ಫಲಿತಾಂಶ ಬರಲಿಲ್ಲ. ಬೇರೆ ಕಡೆಗಳಿಂದ ಬಂದದ್ದೂ ಒಂದೊಂದು ಒಂದೊಂದು ದಿಕ್ಕಿನದು. ಇಂಥ ಪರೀಕ್ಷೆಗಳನ್ನೆಲ್ಲ ಒಟ್ಟುಗೂಡಿಸಿ ತೂಗಿದ 2011ರ ಕೋಕ್ರೇನ್ ವಿಮರ್ಶೆ, ಹುಸಿ ಮಾತ್ರೆಗಿಂತ ಇದು ಮೇಲು ಎನ್ನಲು ನಂಬುವಂಥ ಪುರಾವೆ ಇಲ್ಲ ಎಂದಿತು. ಹಾಗಾದರೆ ಗಿಡ ಸುಳ್ಳೇ? ಅಷ್ಟು ಬೇಗ ಹಾಗೆ ಹೇಳಲು ನಾನು ತಯಾರಿಲ್ಲ. ಎಲ್ಲರೂ ಒಂದೇ ವಸ್ತುವನ್ನು ಪರೀಕ್ಷಿಸಿದರೇ ಎಂಬ ಪ್ರಶ್ನೆ ಅದಕ್ಕೂ ಮೊದಲು ಬರುತ್ತದೆ.

1987ರ ಪ್ರಬಂಧದಲ್ಲಿ ಗಿಡದ ಹೆಸರು ಫಿಲಾಂಥಸ್ ನಿರೂರಿ ಎಂದಿದೆ. 1988ರದ್ದರಲ್ಲಿ ಫಿಲಾಂಥಸ್ ಅಮಾರಸ್. ನಿಜವಾದ ನಿರೂರಿ ಅಮೆರಿಕ ಖಂಡದ ಗಿಡ. ನಮ್ಮ ಹೊಲದ ಬದುವಿನಲ್ಲಿ, ಅಡಿಕೆ ತೋಟದ ನೆರಳಂಚಿನಲ್ಲಿ ಮಳೆ ಬಿದ್ದ ಮೇಲೆ ಹುಟ್ಟುವುದು ಹೆಚ್ಚಾಗಿ ಅಮಾರಸ್. ಆದರೆ ಅದರ ಪಕ್ಕದಲ್ಲೇ ಫ್ರೆಟರ್ನಸ್, ಡೆಬಿಲಿಸ್, ಯೂರಿನೇರಿಯಾ, ಮದರಾಸ್‌ಪಟೆನ್ಸಿಸ್ ಎಂಬ ಫಿಲಾಂಥಸ್‌ನ ಬೇರೆ ಜಾತಿಗಳೆಲ್ಲವೂ ಹುಟ್ಟಬಹುದು. ದಕ್ಷಿಣ ಭಾರತದ ಗಿಡಮೂಲಿಕೆ ಅಂಗಡಿಗಳ ಮಾದರಿಗಳನ್ನು ಡಿಎನ್‌ಎ ಗುರುತಿನಿಂದ ನೋಡಿದ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು. ಶೇ. 76ರಷ್ಟು ಮಾದರಿಗಳಲ್ಲಿ ಬಹುಪಾಲು ಅಮಾರಸ್ಸೇ ಇತ್ತು. ಉಳಿದ ಶೇ. 24ರಲ್ಲಿ ಬೇರೆ ಐದು ಜಾತಿಗಳು ಸಿಕ್ಕವು. ಅಂದರೆ ಅಂಗಡಿಯಿಂದ ಒಂದು ಕಿಲೋ ಒಣ ನೆಲನೆಲ್ಲಿ ತಂದು ಪರೀಕ್ಷೆ ಶುರು ಮಾಡಿದರೆ, ಸುಮಾರು ನಾಲ್ಕರಲ್ಲಿ ಒಂದು ಸಲ ನೀವು ಪರೀಕ್ಷಿಸುತ್ತಿರುವುದು ಬೇರೆಯದೇ ಗಿಡ.

ಆದ್ದರಿಂದ ಗಿಡವನ್ನು ನೀವೇ ಕೀಳಿ, ಹೂವು ಕಾಯಿ ಎರಡೂ ಇರುವಾಗ ಕೀಳಿ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈಮಸೂರ ಸಾಕು. ಎಲೆಗಳಿರುವ ಕಿರುಕೊಂಬೆಯನ್ನು ಮಗುಚಿ ಹಿಡಿಯಿರಿ, ಎಲೆಯ ಕಂಕುಳಲ್ಲಿ ಹೂವು ಕಾಣುತ್ತದೆ. ಅಮಾರಸ್‌ನಲ್ಲಿ ಒಂದು ಗಂಡು, ಒಂದು ಹೆಣ್ಣು ಹೂವು ಜೊತೆಯಾಗಿ ಇರುತ್ತವೆ, ಹೂವಿನ ಎಸಳುಗಳು ಐದು. ಎಸಳು ಆರಿದ್ದು, ಕೊಂಬೆಯ ಬುಡದ ಕಡೆ ಗಂಡು, ತುದಿಯ ಕಡೆ ಒಂಟಿ ಹೆಣ್ಣು ಹೂವುಗಳಿದ್ದರೆ ಅದು ಫ್ರೆಟರ್ನಸ್. ಕಾಯಿಗೆ ತೊಟ್ಟೇ ಇಲ್ಲದಂತೆ ಕೊಂಬೆಗೆ ಅಂಟಿಕೊಂಡು, ಮೈಯೆಲ್ಲ ಗುಳ್ಳೆಗುಳ್ಳೆಯಾಗಿ ಒರಟಾಗಿದ್ದರೆ ಯೂರಿನೇರಿಯಾ. ಅದರ ಕಾಂಡವೂ ಅನೇಕ ಸಲ ಕೆಂಪಗಿರುತ್ತದೆ. ಅಮಾರಸ್‌ನ ಕಾಯಿ ನುಣ್ಣಗೆ, ಸಣ್ಣ ತೊಟ್ಟಿನಿಂದ ತೂಗುತ್ತದೆ. ಒಂದು ಗಿಡವನ್ನು ಬೇರು ಸಮೇತ ಒತ್ತಿ ಒಣಗಿಸಿ, ದಿನಾಂಕ, ಸ್ಥಳ, ಮಣ್ಣು, ಕಿತ್ತವರ ಹೆಸರು ಬರೆದು ಹರ್ಬೇರಿಯಂಗೆ, ಅಂದರೆ ಒಣಗಿಸಿದ ಗಿಡಗಳ ಸಂಗ್ರಹಾಲಯಕ್ಕೆ, ಕೊಟ್ಟು ಸಂಖ್ಯೆ ಪಡೆಯಿರಿ. ಆ ಸಂಖ್ಯೆ ಇಲ್ಲದ ಪ್ರಬಂಧವನ್ನು ಓದುವಾಗ ಅದರ ಮುಂದಿನ ಪುಟಗಳನ್ನೆಲ್ಲ ಅನುಮಾನದಿಂದಲೇ ಓದಬೇಕು.

ಇನ್ನೊಂದು ಮಾತು. ನೀವು ಕೇಳುವುದು ನಾಟಿ ವೈದ್ಯರ ಬಳಿಯಾದರೆ, ಗಿಡದ ಹೆಸರನ್ನಷ್ಟೇ ಕೇಳಿ ಬರಬೇಡಿ. ಯಾವ ತಿಂಗಳಲ್ಲಿ ಕೀಳುತ್ತೀರಿ, ಹಸಿಯೋ ಒಣಗಿದ್ದೋ, ಹಾಲೋ ಮಜ್ಜಿಗೆಯೋ ನೀರೋ, ಕುದಿಸುತ್ತೀರೋ ಇಲ್ಲವೋ, ಎಷ್ಟು ದಿನ, ಪಥ್ಯ ಏನು ಎಲ್ಲವನ್ನೂ ಬರೆದುಕೊಳ್ಳಿ. "ಅಡಿಕೆ ಗಾತ್ರದ ಉಂಡೆ" ಎಂದರೆ ಅವರ ಕೈಯಿಂದಲೇ ಹತ್ತು ಉಂಡೆ ಕಟ್ಟಿಸಿ ತೂಗಿ ಸರಾಸರಿ ತೆಗೆಯಿರಿ. ಇದನ್ನು ಅವರ ಒಪ್ಪಿಗೆಯಿಂದ, ಏತಕ್ಕೆ ಬಳಸುತ್ತೇವೆಂದು ತಿಳಿಸಿ ಮಾಡಬೇಕು. ಅವರು ನಿಮಗೆ ಕೊಡುತ್ತಿರುವುದು ತಲೆಮಾರುಗಳ ದುಡಿಮೆ.

ಈಗ ಒಣಗಿಸುವುದು. ನೆಲಕ್ಕೆ ಅಂಟಿದಂತೆ ಬೆಳೆಯುವ ಗಿಡ, ಬೇರೂ ಬೇಕು, ಹಾಗಾಗಿ ಮಣ್ಣು ಬಂದೇ ಬರುತ್ತದೆ. ಹರಿಯುವ ನೀರಿನಲ್ಲಿ ತೊಳೆದು, ನೆರಳಲ್ಲಿ ತೆಳ್ಳಗೆ ಹರವಿ, ಇಲ್ಲವೆ 40 ಡಿಗ್ರಿ ಮೀರದ ಒಲೆಪೆಟ್ಟಿಗೆಯಲ್ಲಿ ಒಣಗಿಸಿ. ದಪ್ಪಗೆ ಗುಡ್ಡೆ ಹಾಕಿದರೆ ನಡುವೆ ಬೂಷ್ಟು ಹಿಡಿಯುತ್ತದೆ, ಅಫ್ಲಾಟಾಕ್ಸಿನ್ ಹುಟ್ಟುತ್ತದೆ. ಅಫ್ಲಾಟಾಕ್ಸಿನ್ ಯಕೃತ್ತಿಗೇ ವಿಷ. ಯಕೃತ್ತಿನ ಔಷಧವನ್ನು ಪರೀಕ್ಷಿಸಲು ಹೊರಟವರು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಪುಡಿ ಮಾಡಿ, ಜರಡಿ ಹಿಡಿದು, ತೇವಾಂಶ ಮತ್ತು ಬೂದಿಯ ಪ್ರಮಾಣ ಅಳೆಯಿರಿ. ಆಮ್ಲದಲ್ಲಿ ಕರಗದೆ ಉಳಿಯುವ ಬೂದಿ ಹೆಚ್ಚು ಬಂದರೆ ನೀವು ಮಣ್ಣನ್ನೂ ಸೇರಿಸಿ ತೂಗಿದ್ದೀರಿ ಎಂದರ್ಥ. ಸೀಸ, ಪಾದರಸ, ಆರ್ಸೆನಿಕ್, ಕ್ಯಾಡ್ಮಿಯಂ ನೋಡಿಸಿ. ರಸ್ತೆ ಬದಿಯ ಗಿಡವನ್ನು ಕೀಳಲೇಬೇಡಿ.

ಸಾರ ತೆಗೆಯುವ ಹಂತಕ್ಕೆ ಬರೋಣ. ನೂರಕ್ಕೆ ತೊಂಬತ್ತು ಜನ ಎಡವುವುದು ಇಲ್ಲಿ ಎಂದು ನನಗೆ ಅನಿಸುತ್ತದೆ, ಏಕೆಂದರೆ ದ್ರಾವಕವನ್ನು ಅಭ್ಯಾಸಬಲದಿಂದ ಆರಿಸುತ್ತಾರೆ. ಪ್ರಯೋಗಾಲಯದಲ್ಲಿ ಮೆಥನಾಲ್ ಇದೆ, ಮೆಥನಾಲ್‌ನಲ್ಲಿ ತೆಗೆದರಾಯಿತು! ನೆಲನೆಲ್ಲಿಯಲ್ಲಿ ಮುಖ್ಯವಾಗಿ ಎರಡು ಗುಂಪಿನ ರಾಸಾಯನಿಕಗಳು ನಮ್ಮ ಗಮನಕ್ಕೆ ಬರುತ್ತವೆ. ಒಂದು, ಫಿಲಾಂಥಿನ್, ಹೈಪೋಫಿಲಾಂಥಿನ್ ಎಂಬ ಲಿಗ್ನಾನ್‌ಗಳು. ಇವು ಎಣ್ಣೆಯ ಕಡೆಯವು, ನೀರಿನಲ್ಲಿ ಬಹಳ ಕಡಿಮೆ ಕರಗುತ್ತವೆ, ಮೆಥನಾಲ್ ಹೆಕ್ಸೇನ್‌ಗಳಲ್ಲಿ ಚೆನ್ನಾಗಿ ಬರುತ್ತವೆ. ಇನ್ನೊಂದು, ಜೆರಾನಿನ್, ಕೊರಿಲಾಜಿನ್ ಮುಂತಾದ ಟ್ಯಾನಿನ್‌ಗಳು, ಒಗರಿನ ಅಂಶ. ಇವು ನೀರಿಗೆ ಧಾರಾಳವಾಗಿ ಇಳಿಯುತ್ತವೆ. ಹೀಗಾಗಿ ಅದೇ ಗಿಡದ ನೀರಿನ ಕಷಾಯ ಮತ್ತು ಹೆಕ್ಸೇನ್ ಸಾರ ರಾಸಾಯನಿಕವಾಗಿ ಎರಡು ಬೇರೆ ಬೇರೆ ವಸ್ತುಗಳು. ಹಾಲಿನಲ್ಲಿ ಕದಡಿ ಕೊಡುವಾಗ ಅದರ ಕೊಬ್ಬಿಗೆ ಲಿಗ್ನಾನ್ ಸ್ವಲ್ಪ ಇಳಿಯುತ್ತದೆಯೇ, ನೀರು ಮಜ್ಜಿಗೆಯಲ್ಲಿ ಇಳಿಯುವುದಿಲ್ಲವೇ? ಅಳೆದು ನೋಡಬಹುದಾದ ಪ್ರಶ್ನೆ ಇದು, ಇಲ್ಲಿರುವ ವಿದ್ಯಾರ್ಥಿಗಳಲ್ಲಿ ಯಾರಾದರೂ ಕೈಗೆತ್ತಿಕೊಳ್ಳಬೇಕು ಎಂಬ ಆಸೆ ನನಗಿದೆ. ನನ್ನ ಸಲಹೆ ಇಷ್ಟು: ಜನ ಬಳಸುವ ರೂಪವನ್ನು ಮೊದಲು ತಯಾರಿಸಿ, ಅದರ ಪಕ್ಕದಲ್ಲಿ ಶೇ. 70 ಎಥನಾಲ್ ಸಾರ ಇಡಿ. ಮೂರನೆಯದು ಬೇಕಿದ್ದರೆ ಆಮೇಲೆ.

ಎಥನಾಲ್ ಸಾರದ ಕ್ರಮ ಹೀಗೆ. 100 ಗ್ರಾಂ ಪುಡಿಗೆ ಒಂದು ಲೀಟರ್ ದ್ರಾವಕ ಹಾಕಿ, ಮುಚ್ಚಿ, ಆಗಾಗ ಅಲುಗಿಸುತ್ತ 24 ಗಂಟೆ ಬಿಡಿ. ಸೋಸಿ, ಅದೇ ಪುಡಿಗೆ ಹೊಸ ದ್ರಾವಕ ಹಾಕಿ ಇನ್ನೆರಡು ಸಲ ಹೀಗೇ ಮಾಡಿ. ಮೂರನ್ನೂ ಸೇರಿಸಿ ರೋಟರಿ ಇವ್ಯಾಪರೇಟರ್‌ನಲ್ಲಿ 40–45 ಡಿಗ್ರಿಯಲ್ಲಿ ಇಂಗಿಸಿ. ಉಳಿದ ನೀರಿನಂಶವನ್ನು ಹೆಪ್ಪುಗಟ್ಟಿಸಿ ಒಣಗಿಸಿ. ಸಿಕ್ಕಿದ ತೂಕವನ್ನು ಬರೆಯಿರಿ. 12 ಗ್ರಾಂ ಸಿಕ್ಕರೆ ಇಳುವರಿ ಶೇ. 12. ಈ ಒಂದು ಅಂಕಿಯನ್ನು ಮರೆತರೆ ಆಮೇಲೆ ಇಲಿಗೆ ಕೊಟ್ಟ ಪ್ರಮಾಣವನ್ನು ಮನುಷ್ಯನ ಪ್ರಮಾಣದೊಂದಿಗೆ ಹೋಲಿಸಲು ಆಗುವುದೇ ಇಲ್ಲ. ಸಾರ ಗಾಳಿಯ ತೇವ ಹೀರಿ ಅಂಟಂಟಾಗುತ್ತದೆ, ಆಗ ತೂಕ ತಪ್ಪುತ್ತದೆ. ಸಣ್ಣ ಸಣ್ಣ ಸೀಸೆಗಳಲ್ಲಿ ಹಂಚಿ ಮೈನಸ್ 20 ಡಿಗ್ರಿಯಲ್ಲಿಟ್ಟು, ಒಂದೊಂದನ್ನು ಒಮ್ಮೆ ಮಾತ್ರ ತೆರೆಯಿರಿ. ಪ್ರತಿ ಬ್ಯಾಚಿನಲ್ಲೂ ಫಿಲಾಂಥಿನ್ ಎಷ್ಟಿದೆ ಎಂದು ಎಚ್‌ಪಿಎಲ್‌ಸಿ ಎಂಬ, ಅಂಶಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರದಲ್ಲಿ, 230 ನ್ಯಾನೋಮೀಟರ್‌ನಲ್ಲಿ ಅಳೆಯಿರಿ. ಜೂನ್ ತಿಂಗಳ ಬ್ಯಾಚು, ನವೆಂಬರ್ ಬ್ಯಾಚು ಒಂದೇ ಎಂದು ಎಣಿಸಬೇಡಿ. ಪ್ರತಿ ಬ್ಯಾಚಿನ ಸ್ವಲ್ಪ ಭಾಗವನ್ನು ಯಾರೂ ಮುಟ್ಟದಂತೆ ಎತ್ತಿಡಿ, ಫಲಿತಾಂಶದ ಮೇಲೆ ಪ್ರಶ್ನೆ ಎದ್ದಾಗ ಅದೇ ಸಾಕ್ಷಿ.

ಇನ್ನು ಪ್ರಯೋಗಾಲಯದ ಪರೀಕ್ಷೆಗಳು. ಎಲ್ಲರೂ ಮೊದಲು ಮಾಡುವುದು ಡಿಪಿಪಿಎಚ್, ಅಂದರೆ ಸಾರದ ಉತ್ಕರ್ಷಣ ನಿರೋಧಕ (ಆಂಟಿಆಕ್ಸಿಡೆಂಟ್) ಗುಣ ಅಳೆಯುವ ಪರೀಕ್ಷೆ. ನೇರಳೆ ದ್ರಾವಣಕ್ಕೆ ಸಾರ ಹಾಕಿ, ಕತ್ತಲಲ್ಲಿ 30 ನಿಮಿಷ ಬಿಟ್ಟು, 517 ನ್ಯಾನೋಮೀಟರ್‌ನಲ್ಲಿ ಬಣ್ಣ ಎಷ್ಟು ಇಳಿಯಿತು ಎಂದು ನೋಡುವುದು. ಅಗ್ಗ, ಸುಲಭ, ಟ್ಯಾನಿನ್ ಇರುವ ಯಾವುದರಲ್ಲೂ ಫಲಿತಾಂಶ ಚೆನ್ನಾಗಿಯೇ ಬರುತ್ತದೆ. ನಿಮ್ಮ ಮುಂದಿನ ಲೋಟದ ಚಹಾ ಹಾಕಿದರೂ ಬಣ್ಣ ಇಳಿಯುತ್ತದೆ. ಅದರಿಂದ ಚಹಾ ಕಾಮಾಲೆಯ ಔಷಧ ಎಂದು ಯಾರೂ ಹೇಳುವುದಿಲ್ಲ, ನೆಲನೆಲ್ಲಿಯ ವಿಷಯದಲ್ಲಿ ಮಾತ್ರ ಹೇಳಿಬಿಡುತ್ತೇವೆ. ಈ ಪರೀಕ್ಷೆಯನ್ನು ಬ್ಯಾಚಿನಿಂದ ಬ್ಯಾಚಿಗೆ ಹೋಲಿಸುವ ಸಾಧನವಾಗಿ ಬಳಸಿ, ಔಷಧ ಗುಣದ ಪುರಾವೆಯಾಗಿ ಬಳಸಬೇಡಿ. ಸಾರಕ್ಕೆ ತನ್ನದೇ ಬಣ್ಣ ಇರುತ್ತದೆ, ಆದ್ದರಿಂದ ಡಿಪಿಪಿಎಚ್ ಇಲ್ಲದ ಸಾರವನ್ನೂ ಪ್ರತಿ ಸಾಂದ್ರತೆಯಲ್ಲಿ ಓದಿಸಿ ಕಳೆಯಬೇಕು.

ಜೀವಕೋಶಗಳ ಮೇಲಿನ ಪರೀಕ್ಷೆಯಲ್ಲಿ ಮೋಸ ಇನ್ನೂ ಸೂಕ್ಷ್ಮ. ಸಾಮಾನ್ಯವಾಗಿ ಬಳಸುವುದು ಹೆಪ್‌ಜಿ2 ಎಂಬ ಯಕೃತ್ತಿನ ಕೋಶಗಳು. ಬದುಕಿರುವ ಕೋಶ ಎಂಟಿಟಿ ಎಂಬ ಹಳದಿ ಬಣ್ಣವನ್ನು ನೇರಳೆ ಹರಳಾಗಿಸುತ್ತದೆ, ಅದನ್ನು ಕರಗಿಸಿ 570 ನ್ಯಾನೋಮೀಟರ್‌ನಲ್ಲಿ ಅಳೆಯುತ್ತೇವೆ. ನೇರಳೆ ಹೆಚ್ಚಿದ್ದರೆ ಬದುಕಿದ ಕೋಶ ಹೆಚ್ಚು ಎಂದು ಲೆಕ್ಕ. ಈಗ 96 ಗುಂಡಿಯ ತಟ್ಟೆಯಲ್ಲಿ ಒಂದು ಸಾಲನ್ನು ಕೋಶಗಳೇ ಇಲ್ಲದೆ ಬಿಟ್ಟು, ಬರೀ ಮಾಧ್ಯಮ, ಸಾರ, ಎಂಟಿಟಿ ಹಾಕಿ ನೋಡಿ. ಸಾರ ಗಟ್ಟಿಯಾದಂತೆ ಆ ಸಾಲೂ ನೇರಳೆಗೆ ತಿರುಗುವುದನ್ನು ಕಾಣುತ್ತೀರಿ. ಟ್ಯಾನಿನ್‌ನಂಥ ಪಾಲಿಫಿನಾಲ್‌ಗಳು ಕೋಶದ ಸಹಾಯವಿಲ್ಲದೆ ತಾವೇ ಎಂಟಿಟಿಯನ್ನು ಬದಲಿಸುತ್ತವೆ. ಈ ಸಾಲನ್ನು ಇಡದವರು, ವಿಷ ಹಾಕಿದ ಕೋಶಗಳೆಲ್ಲ ಸತ್ತಿದ್ದರೂ "ಸಾರ ಕಾಪಾಡಿತು" ಎಂದು ಬರೆಯುತ್ತಾರೆ, ಸುಳ್ಳು ಹೇಳುವ ಉದ್ದೇಶ ಒಂದಿಷ್ಟೂ ಇಲ್ಲದೆ. ಪರಿಹಾರ ಸರಳ. ಎಂಟಿಟಿ ಹಾಕುವ ಮೊದಲು ಸಾರವನ್ನು ತೆಗೆದು ಕೋಶಗಳನ್ನು ಬಫರ್‌ನಲ್ಲಿ ತೊಳೆಯಿರಿ, ಕೋಶವಿಲ್ಲದ ಸಾಲು ಇಡಿ, ಜೊತೆಗೆ ಕೋಶ ಒಡೆದಾಗ ಹೊರಬರುವ ಎಲ್‌ಡಿಎಚ್ ಎಂಬ ಕಿಣ್ವವನ್ನು ಅಳೆಯುವಂಥ ಬೇರೆ ತತ್ವದ ಪರೀಕ್ಷೆ ಒಂದನ್ನು ಮಾಡಿ. ಸಾರ ಕರಗಿಸಲು ಬಳಸುವ ಡಿಎಂಎಸ್‌ಒ ಕೊನೆಯ ದ್ರಾವಣದಲ್ಲಿ ಶೇ. 0.5 ಮೀರಬಾರದು, ಬರೀ ಡಿಎಂಎಸ್‌ಒ ಹಾಕಿದ ಸಾಲೂ ಬೇಕು.

ಟ್ಯಾನಿನ್‌ಗಳ ಇನ್ನೊಂದು ಗುಣ, ಪ್ರೋಟೀನಿಗೆ ಅಂಟುವುದು. ಅಡಿಕೆ ಅಗಿದಾಗ ಬಾಯಿ ಒಗರಾಗುವುದು ಇದರಿಂದಲೇ. ಪ್ರನಾಳದಲ್ಲಿ ಯಾವ ಕಿಣ್ವ ಇಟ್ಟರೂ ಟ್ಯಾನಿನ್ ಅದನ್ನು ಕಟ್ಟಿಹಾಕಬಲ್ಲದು. ಹಾಗಾಗಿ "ಈ ಸಾರ ಇಂಥ ಕಿಣ್ವವನ್ನು ತಡೆಯುತ್ತದೆ" ಎಂಬ ಫಲಿತಾಂಶ ಬಂದಾಗ, ಟ್ಯಾನಿನ್ ತೆಗೆದ ಸಾರದಲ್ಲೂ ಅದು ಉಳಿಯುತ್ತದೆಯೇ ಎಂದು ನೋಡಬೇಕು. ಪಾಲಿಅಮೈಡ್ ಸ್ತಂಭದ ಮೂಲಕ ಇಳಿಸಿದರೆ ಟ್ಯಾನಿನ್ ಅಲ್ಲೇ ಹಿಡಿದುಕೊಳ್ಳುತ್ತದೆ. ವೈರಸ್ ಪರೀಕ್ಷೆ ಮಾಡುವವರಿಗೂ ಒಂದು ಎಚ್ಚರಿಕೆ: ಹೆಪಟೈಟಿಸ್ ಬಿ ವೈರಸ್ ಉತ್ಪಾದಿಸುವ ಕೋಶಗಳಲ್ಲಿ ವೈರಸ್ಸಿನ ಪ್ರೋಟೀನ್ ಇಳಿದರೆ ಸಂತೋಷಪಡುವ ಮೊದಲು ಕೋಶಗಳೇ ಸತ್ತಿವೆಯೇ ಎಂದು ನೋಡಿ. ಸತ್ತ ಕೋಶ ಏನನ್ನೂ ಉತ್ಪಾದಿಸುವುದಿಲ್ಲ.

ಪ್ರಾಣಿಗಳ ಪರೀಕ್ಷೆಗೆ ಸಂಸ್ಥೆಯ ನೈತಿಕ ಸಮಿತಿಯ ಅನುಮತಿ ಮೊದಲೇ ಕೈಯಲ್ಲಿರಬೇಕು, ಅದರ ವಿವರಕ್ಕೆ ಇಲ್ಲಿ ಹೋಗುವುದಿಲ್ಲ. ರೂಢಿಯ ವಿಧಾನದಲ್ಲಿ ಇಲಿಗಳಿಗೆ ಏಳು ದಿನ ಸಾರ ಕೊಟ್ಟು, ಆಮೇಲೆ ಕಾರ್ಬನ್ ಟೆಟ್ರಾಕ್ಲೋರೈಡ್ ಕೊಟ್ಟು ಯಕೃತ್ತನ್ನು ಕೆಡಿಸಿ, ಕೋಶ ಒಡೆದಾಗ ರಕ್ತಕ್ಕೆ ಸೋರುವ ಎಎಲ್‌ಟಿ, ಎಎಸ್‌ಟಿ ಎಂಬ ಕಿಣ್ವಗಳನ್ನೂ ಕಾಮಾಲೆಯ ಹಳದಿಗೆ ಕಾರಣವಾದ ಬಿಲಿರುಬಿನ್ನನ್ನೂ ಅಳೆಯುತ್ತಾರೆ. ಸಾರ ಕೊಟ್ಟ ಗುಂಪಿನಲ್ಲಿ ಏರಿಕೆ ಕಡಿಮೆ ಬಂದರೆ ಯಕೃತ್ತಿಗೆ ರಕ್ಷಣೆ ಎನ್ನುತ್ತಾರೆ. ಆದರೆ ಕಾರ್ಬನ್ ಟೆಟ್ರಾಕ್ಲೋರೈಡ್ ತಾನಾಗಿ ಅಷ್ಟು ವಿಷವಲ್ಲ. ಯಕೃತ್ತಿನ ಸೈಟೋಕ್ರೋಮ್ 2ಇ1 ಎಂಬ ಕಿಣ್ವ ಅದನ್ನು ಒಡೆದಾಗ ಹುಟ್ಟುವ ತುಣುಕು ಕೋಶದ ಪೊರೆಯನ್ನು ಸುಡುತ್ತದೆ. ಹೆಚ್ಚಿನ ಪ್ರಮಾಣದ ಪ್ಯಾರಸಿಟಮಾಲ್ ಯಕೃತ್ತನ್ನು ಕೆಡಿಸುವುದೂ ಹೆಚ್ಚುಕಡಿಮೆ ಇದೇ ದಾರಿಯಲ್ಲಿ. ಮೊದಲೇ ಕೊಟ್ಟ ಸಾರ ಈ ಕಿಣ್ವವನ್ನು ಮಂಕು ಮಾಡಿದರೆ ವಿಷವೇ ಹುಟ್ಟುವುದಿಲ್ಲ! ಯಕೃತ್ತು ಚೆನ್ನಾಗಿ ಉಳಿಯುತ್ತದೆ, ಸಾರ ಏನನ್ನೂ ವಾಸಿ ಮಾಡಿರುವುದಿಲ್ಲ. ಕಾಮಾಲೆ ಬಂದ ಮನುಷ್ಯ ನಿಮ್ಮ ಬಳಿ ಬರುವುದು ಯಕೃತ್ತು ಕೆಟ್ಟ ಮೇಲೆ. ಆದ್ದರಿಂದ ವಿಷ ಕೊಟ್ಟ ನಂತರ ಸಾರ ಶುರು ಮಾಡುವ ಒಂದು ಗುಂಪು ಇರಲೇಬೇಕು. ಪ್ರಬಂಧಗಳಲ್ಲಿ ಈ ಗುಂಪು ಅಪರೂಪ. ಅಂದ ಹಾಗೆ, ಹೆಪ್‌ಜಿ2 ಕೋಶಗಳಲ್ಲಿ ಈ ಕಿಣ್ವ ತೀರ ಕಡಿಮೆ, ಹಾಗಾಗಿ ಅಲ್ಲಿ ಕಾರ್ಬನ್ ಟೆಟ್ರಾಕ್ಲೋರೈಡ್ ಹಾಕಿ ಮಾಡಿದ ಪರೀಕ್ಷೆಯ ಅರ್ಥ ಇನ್ನೂ ಗೋಜಲು.

ರಕ್ತ ತೆಗೆಯುವಾಗಲೂ ಕೈ ಹದವಾಗಿರಬೇಕು. ಸೂಜಿಯಲ್ಲಿ ರಭಸವಾಗಿ ಎಳೆದರೆ ಕೆಂಪು ರಕ್ತಕಣ ಒಡೆದು ಅದರೊಳಗಿನ ಎಎಸ್‌ಟಿ ಹೊರಬರುತ್ತದೆ, ಯಕೃತ್ತಿಗೆ ಏನೂ ಆಗದಿದ್ದರೂ ಅಂಕಿ ಏರುತ್ತದೆ. ಸೀರಂ ಗುಲಾಬಿ ಬಣ್ಣವಿದ್ದರೆ ಆ ಮಾದರಿಯನ್ನು ಬಿಡಿ. ಯಕೃತ್ತಿನ ತೆಳುಪದರ ನೋಡುವ ತಜ್ಞರಿಗೆ ಯಾವ ಗಾಜು ಯಾವ ಗುಂಪಿನದೆಂದು ತಿಳಿಯಬಾರದು.

ಪ್ರಮಾಣದ ಲೆಕ್ಕಕ್ಕೆ ಬರೋಣ, ಕಾಗದ ಪೆನ್ನು ತೆಗೆದುಕೊಳ್ಳಿ. ಇಲಿಯ ಪ್ರತಿ ಕಿಲೋ ತೂಕಕ್ಕೆ 400 ಮಿಲಿಗ್ರಾಂ ಸಾರ ಕೊಟ್ಟಾಗ ಗುಣ ಕಂಡಿತು ಎಂದು ಇಟ್ಟುಕೊಳ್ಳಿ. ಮನುಷ್ಯನ ಪ್ರಮಾಣಕ್ಕೆ ತರಲು, ದೇಹದ ಮೇಲ್ಮೈ ವಿಸ್ತೀರ್ಣದ ಲೆಕ್ಕದಂತೆ, 6.2ರಿಂದ ಭಾಗಿಸಬೇಕು, ಕಿಲೋಗೆ ಸುಮಾರು 64.5 ಮಿಲಿಗ್ರಾಂ ಬಂತು. 60 ಕಿಲೋ ತೂಕದವರಿಗೆ 3.87 ಗ್ರಾಂ ಸಾರ. ಇಳುವರಿ ಶೇ. 12 ಆಗಿದ್ದರೆ ಅಷ್ಟು ಸಾರಕ್ಕೆ ಬೇಕಾದ ಒಣ ಗಿಡ ಸುಮಾರು 32 ಗ್ರಾಂ, ದಿನಾ. ಮದರಾಸಿನ ಪರೀಕ್ಷೆಯಲ್ಲಿ ಒಬ್ಬರಿಗೆ ದಿನಕ್ಕೆ ಕೊಟ್ಟದ್ದು 600 ಮಿಲಿಗ್ರಾಂ ಪುಡಿ. ಎರಡರ ನಡುವೆ ಐವತ್ತು ಪಟ್ಟಿಗೂ ಮಿಕ್ಕ ಅಂತರ! ಇಲಿಯಲ್ಲಿ ಕಂಡ ಗುಣ ಜನ ಬಳಸುವ ಪ್ರಮಾಣದಲ್ಲೂ ಇದೆ ಎಂದು ಹೇಳಲು ಇಂಥ ಫಲಿತಾಂಶ ನೆರವಾಗುವುದಿಲ್ಲ. ಜನ ಬಳಸುವ ಪ್ರಮಾಣದಿಂದ ಹಿಂದಕ್ಕೆ ಲೆಕ್ಕ ಹಾಕಿ ಇಲಿಯ ಮೊದಲ ಪ್ರಮಾಣ ನಿರ್ಧರಿಸಿ, ಅಲ್ಲಿಂದ ಮೇಲೇರುವುದು ಸರಿಯಾದ ಕ್ರಮ.

ಕೊನೆಗೆ ಮನುಷ್ಯರ ಮೇಲಿನ ಪರೀಕ್ಷೆ. ಸಭೆಯಲ್ಲಿ ಅನೇಕರು "ಕಣ್ಣಾರೆ ಕಂಡಿದ್ದೇವೆ, ವಾಸಿಯಾಗಿದೆ" ಎನ್ನುತ್ತೀರಿ. ನಿಮ್ಮ ಮಾತನ್ನು ನಾನು ನಂಬುತ್ತೇನೆ. ಕೊಳಕು ನೀರು, ಆಹಾರದಿಂದ ಬರುವ ಹೆಪಟೈಟಿಸ್ ಎ ಮತ್ತು ಇ ಬಹುಪಾಲು ಜನರಲ್ಲಿ ಕೆಲವು ವಾರಗಳಲ್ಲಿ ತಾವಾಗಿಯೇ ಇಳಿಯುತ್ತವೆ. ಔಷಧ ಕೊಟ್ಟವರೂ ಗುಣವಾಗುತ್ತಾರೆ, ಕೊಡದವರೂ ಗುಣವಾಗುತ್ತಾರೆ. ಇಲ್ಲಿ ಕೇಳಬೇಕಾದ್ದು ಬಿಲಿರುಬಿನ್ ಎಷ್ಟು ದಿನ ಬೇಗ ಇಳಿಯಿತು ಎಂದು. ಅದಕ್ಕೆ ಚೀಟಿ ಎತ್ತಿದಂತೆ ಹಂಚಿದ ಎರಡು ಗುಂಪು ಬೇಕು, ಎರಡಕ್ಕೂ ಒಂದೇ ಪಥ್ಯ, ಒಂದೇ ವಿಶ್ರಾಂತಿ. ರುಚಿಯ ತೊಡಕೂ ಇದೆ. ನೆಲನೆಲ್ಲಿ ಕಹಿ, ಹುಸಿ ಔಷಧವೂ ಕಹಿಯಿರಬೇಕು, ಇಲ್ಲವಾದರೆ ಮೊದಲ ದಿನವೇ ಗುಟ್ಟು ರಟ್ಟಾಗುತ್ತದೆ. ಪುಡಿಯನ್ನು ಕ್ಯಾಪ್ಸೂಲ್‌ಗೆ ತುಂಬುವುದು ಸುಲಭದ ದಾರಿ. ಮಧ್ಯೆ ಬಿಟ್ಟುಹೋದವರನ್ನೂ ಕೊನೆಯ ಲೆಕ್ಕದಲ್ಲಿ ಸೇರಿಸಬೇಕು. ಮದರಾಸಿನ ಪರೀಕ್ಷೆಯ ಒಂದು ಗುಂಪಿನಲ್ಲಿ 37, ಇನ್ನೊಂದರಲ್ಲಿ 23 ಜನ ಎಂದು ಆಗ ಹೇಳಿದಾಗಲೇ, ಬಿಟ್ಟುಹೋದವರು ಎಷ್ಟು ಎಂದು ನೀವು ಕೇಳಬೇಕಿತ್ತು.

ಯಾರನ್ನು ಸೇರಿಸಿಕೊಳ್ಳಬಾರದು ಎಂಬ ಪಟ್ಟಿ, ಯಾರನ್ನು ಸೇರಿಸಬೇಕು ಎಂಬುದಕ್ಕಿಂತ ಮೊದಲು ಸಿದ್ಧವಾಗಬೇಕು. ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡು ಬಂದ ಕಾಮಾಲೆಯೂ ಹಳದಿಯೇ, ಅದಕ್ಕೆ ಬೇಕಾದ್ದು ಸ್ಕ್ಯಾನ್ ಮತ್ತು ಶಸ್ತ್ರವೈದ್ಯರು. ಮಲ ಬಿಳಿಚಿಕೊಂಡು ಮೈಯೆಲ್ಲ ತುರಿಕೆ ಇದ್ದರೆ ಅನುಮಾನಿಸಿ. ಗರ್ಭಿಣಿಯರಿಗೆ ಹೆಪಟೈಟಿಸ್ ಇ ಬಂದರೆ ಜೀವಕ್ಕೇ ಅಪಾಯ, ಅವರನ್ನು ಪರೀಕ್ಷೆಗೆ ತೆಗೆದುಕೊಳ್ಳಲೇಬೇಡಿ. ಸೇರಿಸಿಕೊಂಡ ಪ್ರತಿಯೊಬ್ಬರಲ್ಲೂ ರಕ್ತ ಹೆಪ್ಪುಗಟ್ಟುವ ಸಮಯವನ್ನು ಎಎಲ್‌ಟಿ ಜೊತೆಗೇ ನೋಡುತ್ತಿರಬೇಕು. ಯಕೃತ್ತು ಪೂರ್ತಿ ಸೋಲುವಾಗ ಎಎಲ್‌ಟಿ ಇಳಿಯಬಹುದು, ಒಡೆಯಲು ಕೋಶವೇ ಉಳಿದಿಲ್ಲವಾದ್ದರಿಂದ, ಔಷಧ ಕೆಲಸ ಮಾಡುತ್ತಿದೆ ಎಂದು ನೀವು ಅಂದುಕೊಳ್ಳುತ್ತೀರಿ. ಹೆಪ್ಪುಗಟ್ಟುವ ಸಮಯದ ಅಳತೆಯಾದ ಐಎನ್‌ಆರ್ 1.5ಕ್ಕೆ ಏರಿದರೆ, ಅಥವಾ ರೋಗಿ ಹಗಲು ಹೊತ್ತಿನಲ್ಲಿ ಮಂಪರಿಗೆ ಹೋಗಿ ಮಾತು ತಡವರಿಸಿದರೆ, ಆ ಕ್ಷಣವೇ ಪರೀಕ್ಷೆ ನಿಲ್ಲಿಸಿ ಯಕೃತ್ತಿನ ಚಿಕಿತ್ಸೆ ಇರುವ ದೊಡ್ಡ ಆಸ್ಪತ್ರೆಗೆ ಸಾಗಿಸಬೇಕು. ಸಾಗಿಸುವ ವಾಹನ ಯಾವುದು, ಚಾಲಕನ ಫೋನ್ ಸಂಖ್ಯೆ ಏನು, ರಾತ್ರಿ ಯಾರು ಕರೆ ತೆಗೆದುಕೊಳ್ಳುತ್ತಾರೆ ಎಂಬುದು ಮೊದಲ ಕ್ಯಾಪ್ಸೂಲ್ ಕೊಡುವ ಮುಂಚೆಯೇ ಕಾಗದದ ಮೇಲಿರಲಿ.